ಫೀಲ್ಡರನ ಮಾತು ನಂಬಿದವರು

ಕಳೆದ ತಿಂಗಳು ಐರ್ಲೆಂಡಿನಿಂದ ಟೀಚರಮ್ಮ ಫೋನ್ ಮಾಡಿದರು. "ಅವರು ಹೋದರು ಮಾರಾಯ್ರೆ," ಎಂದರು. ಅವರು ಅಂದರೆ ಅವರ ಗಂಡ. ಆಮೇಲೆ ಟೀಚರಮ್ಮನೇ, "ಕೊನೆವರೆಗೂ ನೆನಪು ಸ್ವಚ್ಛ ಇತ್ತು. ಡಾಕ್ಟರ ಹೆಸರು, ನರ್ಸುಗಳ ಮಕ್ಕಳ ಹೆಸರು, ಎಲ್ಲ ಹೇಳ್ತಿದ್ದರು. ಅದನ್ನು ನಿಮಗೆ ಹೇಳ್ಬೇಕು ಅಂತ ಇತ್ತು," ಎಂದರು.

ಆ ಮಾತನ್ನು ಅವರು ನನಗೇ ಯಾಕೆ ಹೇಳಿದರು ಎಂಬುದು ಮೂರು ಜನರಿಗೆ ಮಾತ್ರ ಪೂರ್ತಿ ಗೊತ್ತಿದ್ದ ವಿಷಯ. ಅವರಲ್ಲಿ ಒಬ್ಬರು ಈಗ ಇಲ್ಲ. ನನಗೂ ವಯಸ್ಸಾಯಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಬರೆದು ಅಭ್ಯಾಸವಿಲ್ಲ. ಆದರೂ ಬರೆದಿಡುತ್ತೇನೆ.

ನನ್ನ ಊರು ಮಂಡ್ಯ. ಅಲ್ಲಿ ರೇಡಿಯೋ ರಿಪೇರಿ ಕಲಿತು, ಎಂಬತ್ತರ ದಶಕದ ಆರಂಭದಲ್ಲಿ ನೈರೋಬಿಗೆ ಬಂದೆ. ಅಕ್ಕನ ಗಂಡ ಪಾರ್ಕ್‌ಲ್ಯಾಂಡ್ಸಿನ ಆಸ್ಪತ್ರೆಯ ಲ್ಯಾಬಿನಲ್ಲಿದ್ದರು, ಅವರೇ ಕರೆಸಿಕೊಂಡದ್ದು. ಮೊದಲು ನ್ಗಾರಾದ ಒಂದು ಅಂಗಡಿಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದೆ. ಅಲ್ಲಿಂದ ಒಂದು ವಿಡಿಯೋ ಕಂಪನಿಗೆ ಹೋದೆ. ಹೊರದೇಶದ ಟೆಲಿವಿಷನ್ನಿನವರು ಬಂದಾಗ ಕ್ಯಾಮೆರಾ ಮತ್ತು ಜನ ಎರಡನ್ನೂ ಒದಗಿಸುವ ಕಂಪನಿ ಅದು. ನನ್ನನ್ನು ಧ್ವನಿ ಹಿಡಿಯುವ ಕೆಲಸಕ್ಕೆ ಹಾಕಿ, ಕ್ಯಾಮೆರಾ ಹಿಡಿಯುತ್ತಿದ್ದ ಟೀಚರಮ್ಮನ ಗಂಡನ ಜೊತೆಗೆ ಜೋಡಿ ಮಾಡಿದರು.

ಅವರು ಐರಿಷ್ ಮನುಷ್ಯ. ಎತ್ತರ, ಕೆಂಪು ಮುಖ, ಮೂಗಿನ ತುದಿ ವರ್ಷವಿಡೀ ಸಿಪ್ಪೆ ಏಳುತ್ತಿತ್ತು. ಎಡಗೈಯ ಎರಡು ಬೆರಳು ಸೊಟ್ಟ. ಮೊದಲ ದಿನವೇ ಆ ಬೆರಳು ನೋಡಿ ಏನಾಯಿತೆಂದು ಕೇಳಿದೆ.

"ಕ್ರಿಕೆಟ್," ಎಂದರು.

"ಐರ್ಲೆಂಡಿನಲ್ಲಿ ಕ್ರಿಕೆಟ್ ಆಡ್ತಾರಾ?"

"ಆಡ್ತೀವಿ, ಯಾರಿಗೂ ಹೇಳಲ್ಲ. ನಮ್ಮೂರಲ್ಲಿ ಬ್ಯಾಟ್ ಹಿಡ್ಕೊಂಡು ಬಸ್ ಹತ್ತಿದ್ರೆ, ಯಾರನ್ನ ಹೊಡೆಯೋಕೆ ಹೊರಟೆ ಅಂತ ಕಂಡಕ್ಟರ್ ಕೇಳೋನು."

ಅವರು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಡುನಡುವೆ ಸ್ವಾಹಿಲಿ ಬರುತ್ತಿತ್ತು. ಹೆಂಡತಿಯಿಂದ ಕಲಿತ "ಮಾರಾಯಾ" ಒಂದು ಮಾತ್ರ ಅಚ್ಚ ಮಂಗಳೂರಿನದು. ಅವರ ಹೆಂಡತಿ ಮಂಗಳೂರಿನ ಕೊಂಕಣಿ ಕ್ಯಾಥೊಲಿಕ್ಕರು, ಪಾರ್ಕ್‌ಲ್ಯಾಂಡ್ಸಿನ ಶಾಲೆಯೊಂದರಲ್ಲಿ ಟೀಚರ್. ನನ್ನ ಹೆಸರು ಈ ಐರಿಷ್ ಮನುಷ್ಯನ ನಾಲಿಗೆಗೆ ಹೊರಳಲಿಲ್ಲ. ಎರಡು ದಿನ ಒದ್ದಾಡಿ, "ನಿಮ್ಮೂರು ಯಾವುದು?" ಎಂದು ಕೇಳಿದರು. ಅಂದಿನಿಂದ ನಾನು "ಮಂಡ್ಯ" ಆದೆ.

ಅವರು ತಮ್ಮ ದೇಶದ ಪರವಾಗಿ ಆಡಿದವರೆಂದು ನನಗೆ ತಿಳಿದದ್ದು ಟೀಚರಮ್ಮನಿಂದ. ಒಂದು ಪ್ರವಾಸದಲ್ಲಿ ಸ್ಲಿಪ್ಪಿನಲ್ಲಿ ಕ್ಯಾಚ್ ಹಿಡಿಯಲು ಹೋಗಿ ಆ ಬೆರಳುಗಳು ಮುರಿದಿದ್ದವಂತೆ. ಹೊರಗೆ ಕೂತವರ ಕೈಗೆ ಯಾರೋ ಚಿಕ್ಕ ಕ್ಯಾಮೆರಾ ಕೊಟ್ಟು, ಸುಮ್ಮನಿರುವ ಬದಲು ಆಟ ತೆಗಿ ಎಂದರಂತೆ. "ಒಳಗೆ ನಿಂತು ಆಡೋದಕ್ಕಿಂತ ಹೊರಗೆ ಕೂತು ನೋಡೋದು ನನಗೆ ಚೆನ್ನಾಗಿ ಬರತ್ತೆ ಅಂತ ಅವತ್ತು ಗೊತ್ತಾಯ್ತು," ಎನ್ನುತ್ತಿದ್ದರು.

ಕ್ಯಾಮೆರಾ ಹಿಡಿದಾಗಲೂ ಸ್ಲಿಪ್ ಫೀಲ್ಡರನ ಹಾಗೆಯೇ ನಿಲ್ಲುತ್ತಿದ್ದರು. ಮೊಣಕಾಲು ಸ್ವಲ್ಪ ಬಾಗಿ, ಭಾರ ಮುಂಗಾಲಿನ ಮೇಲೆ. ಫೋಕಸ್ ತಿರುಗಿಸುವುದು ಆ ಸೊಟ್ಟ ಬೆರಳುಗಳಿಂದ. ಅವರು ಹೇಳುತ್ತಿದ್ದ ಮಾತು: "ಚೆಂಡು ನೋಡಬೇಡ, ಚೆಂಡು ಎಲ್ಲರೂ ನೋಡ್ತಾರೆ. ಬ್ಯಾಟಿನ ಅಂಚು ನೋಡು." ಅದರ ಅರ್ಥ ನನಗಾದದ್ದು ಒಂದು ಶಾಲೆಯ ಉದ್ಘಾಟನೆಯಲ್ಲಿ. ಮಂತ್ರಿಗಳೊಬ್ಬರು ಭಾಷಣ ಮಾಡುತ್ತಿದ್ದರು. ಉಳಿದ ಕ್ಯಾಮೆರಾಗಳೆಲ್ಲ ಮಂತ್ರಿಯ ಮುಖದ ಮೇಲೆ. ಇವರದು ಹಿಂದೆ ನಿಂತಿದ್ದ ಹೆಡ್‌ಮಾಸ್ತರರ ತುಟಿಯ ಮೇಲೆ. ಆ ಭಾಷಣ ಬರೆದುಕೊಟ್ಟವರು ಹೆಡ್‌ಮಾಸ್ತರರೇ. ಮಂತ್ರಿ ಒಂದು ಸಾಲು ಬಿಟ್ಟಾಗ ಪಾಪ ಅವರ ತುಟಿ ಆ ಸಾಲನ್ನು ಒಬ್ಬಂಟಿಯಾಗಿ ಹೇಳಿ ಮುಗಿಸಿತು. ಕಂಪನಿಯಲ್ಲಿ ಆ ಟೇಪನ್ನು ನಾವು ಹತ್ತು ಸಲ ಹಾಕಿಕೊಂಡು ನೋಡಿದ್ದೇವೆ.

ನನ್ನ ಪೆಟ್ಟಿಗೆಯಿಂದ ಅವರ ಕ್ಯಾಮೆರಾಕ್ಕೆ ಒಂದು ಕೇಬಲ್ ಇರುತ್ತಿತ್ತು. ಮೈಕಿನ ಧ್ವನಿ ಮೊದಲು ನನ್ನ ಪೆಟ್ಟಿಗೆಗೆ, ಅಲ್ಲಿಂದ ಕೇಬಲ್ ಮೂಲಕ ಕ್ಯಾಮೆರಾದ ಟೇಪಿಗೆ. ಅವರು ಓಡಿದರೆ ಹಗ್ಗ ಕಟ್ಟಿದ ಕರುವಿನ ಹಾಗೆ ನಾನೂ ಓಡಬೇಕು. ದನದ ಸಂತೆಯಲ್ಲಿ ಒಮ್ಮೆ ಹೋರಿಯೊಂದು ನಮ್ಮಿಬ್ಬರ ನಡುವೆ ನುಗ್ಗಿ, ಕೇಬಲ್ ಅದರ ಕೊಂಬಿಗೆ ಸಿಕ್ಕಿಕೊಂಡಿತು. "ಬಿಡಬೇಡ ಮಂಡ್ಯ, ಈಗ ನಾವು ಮೂರು ಜನ!" ಎಂದು ಕೂಗುತ್ತಲೇ ಅವರು ತೆಗೆಯುತ್ತಿದ್ದರು. ಸಂತೆಯವರು ನಕ್ಕು ನಕ್ಕು ಸಾಕಾಗಿ, ನಮಗೆ ಚಹ ಕುಡಿಸಿ ಕಳಿಸಿದರು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಉಳಿದ ಕ್ಯಾಮೆರಾದವರು ಪ್ರತಿ ಶೂಟಿಂಗ್ ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ತಿರುಗಿಸಿ ನೋಡಿ, ಚಿತ್ರ ಬಂತಾ, ಧ್ವನಿ ಬಂತಾ ಎಂದು ಪರೀಕ್ಷಿಸುತ್ತಿದ್ದರು. ಇವರು ಹಾಗೆ ಮಾಡುತ್ತಿರಲಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಕೇಳುತ್ತಿದ್ದರು.

"ಸಿಕ್ತಾ?"

"ಸಿಕ್ತು."

ಅಷ್ಟೇ. ಕ್ಯಾಮೆರಾ ಪೆಟ್ಟಿಗೆ ಸೇರುತ್ತಿತ್ತು. ಒಮ್ಮೆ ನಾನೇ, "ಒಂದು ಸಲ ನೋಡಿಬಿಡೋಣ ಸಾರ್," ಎಂದೆ. "ಯಾಕೆ? ನೀನು ಸಿಕ್ತು ಅಂದೆಯಲ್ಲ," ಎಂದರು.

ಆ ಅಭ್ಯಾಸ ಬಂದದ್ದು ಕ್ರಿಕೆಟ್ಟಿನಿಂದ. ಭಾನುವಾರ ಅವರು ಏಷ್ಯನ್ನರ ಕ್ಲಬ್ಬಿನಲ್ಲಿ ಆಡುತ್ತಿದ್ದರು, ನಾನು ಸ್ಕೋರ್ ಬರೆಯುತ್ತಿದ್ದೆ. ಒಂದು ಸಲ ಅವರ ಬ್ಯಾಟಿಗೆ ತಾಗಿದ ಚೆಂಡನ್ನು ಎದುರು ತಂಡದವನೊಬ್ಬ ನೆಲದ ಹತ್ತಿರ ಹಿಡಿದ. ಹಿಡಿದನೋ, ನೆಲಕ್ಕೆ ತಾಗಿ ಮೇಲೆದ್ದ ಚೆಂಡನ್ನು ಎತ್ತಿಕೊಂಡನೋ ಅಂಪೈರಿಗೆ ಕಾಣಲಿಲ್ಲ. ಇವರು ಆ ಹುಡುಗನನ್ನೇ ನೇರವಾಗಿ, "ಹಿಡಿದೆಯಾ?" ಎಂದು ಕೇಳಿದರು. ಹೌದು ಎಂದ. ಇವರು ಬ್ಯಾಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದುಬಿಟ್ಟರು. ಬೌಂಡರಿಯಲ್ಲಿದ್ದ ನಮಗೆಲ್ಲ ಚೆಂಡು ನೆಲಕ್ಕೆ ತಾಗಿದ್ದು ಕಂಡಿತ್ತು.

"ಅವನು ಹೇಳಿದ್ದು ಸುಳ್ಳು ಮ್ಜೀ!" ಎಂದು ನಮ್ಮ ತಂಡದ ಗುಜರಾತಿ ಕ್ಯಾಪ್ಟನ್ ಕೂಗಾಡಿದ. ಮ್ಜೀ ಅಂದರೆ ಇಲ್ಲಿ ಯಜಮಾನರೇ ಎಂದ ಹಾಗೆ.

"ಫೀಲ್ಡರ್ ಹಿಡಿದೆ ಅಂದ ಮೇಲೆ ಹಿಡಿದ ಹಾಗೆ. ನಾನು ಕಲಿತ ಆಟ ಅದು."

"ಸುಳ್ಳಾದರೆ?"

"ಆ ಸುಳ್ಳು ಅವನ ಹತ್ತಿರ ಇರತ್ತೆ, ನನ್ನ ಹತ್ತಿರ ಅಲ್ಲ," ಎಂದು ಪ್ಯಾಡ್ ಬಿಚ್ಚತೊಡಗಿದರು.

ಈ ಕೊನೆಯ ಮಾತೊಂದು ತಪ್ಪಾಗಿತ್ತು. ಅದು ತಪ್ಪೆಂದು ಅವರಿಗೆ ತೋರಿಸಿಕೊಟ್ಟವನು ನಾನು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನನಗೆ ಮಗಳು ಹುಟ್ಟಿದ್ದಳು. ವರ್ಕ್ ಪರ್ಮಿಟ್ಟಿನ ಅರ್ಜಿ ಮ್ಯಾನೇಜರ ಮೇಜಿನ ಮೇಲೆ ಸಹಿಗೆ ಕಾದಿತ್ತು. ಆ ತಿಂಗಳು ನಾನು ಎರಡು ಸಣ್ಣ ತಪ್ಪು ಮಾಡಿದ್ದೆ. "ಇನ್ನೊಂದು ಆದರೆ ಈ ಕಾಗದ ಇಲ್ಲೇ ಇರುತ್ತೆ, ನೀನು ಊರಲ್ಲಿರ್ತೀಯ," ಎಂದು ಮ್ಯಾನೇಜರ್ ಎಚ್ಚರಿಸಿದ್ದರು.

ಆಗ ಮುಥೈಗಾದ ಒಂದು ಮನೆಯ ತೋಟದಲ್ಲಿ ಒಬ್ಬ ಮುದುಕಿಯ ಸಂದರ್ಶನ ಬಂತು. ಯೌವನದಲ್ಲೇ ಇಲ್ಲಿಗೆ ಬಂದು, ಜೀವನವಿಡೀ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ವೈದ್ಯೆ. ತೀರಾ ಕಾಯಿಲೆಯಾಗಿ ಪರಿಚಯದವರ ಮನೆಯಲ್ಲಿದ್ದರು. ಎಂದೂ ಕ್ಯಾಮೆರಾ ಮುಂದೆ ಮಾತಾಡದವರು ಒಂದು ಸಲ ಮಾತ್ರ ಎಂದು ಒಪ್ಪಿದ್ದರು. ಹೊರದೇಶದಿಂದ ನಿರ್ಮಾಪಕಿ ಬಂದಿದ್ದಳು. ಮುದುಕಿ ಜಕರಂಡಾ ಮರದ ಕೆಳಗೆ ಬೆತ್ತದ ಕುರ್ಚಿಯಲ್ಲಿ ಕೂತು ಮುಕ್ಕಾಲು ಗಂಟೆ ಮಾತಾಡಿದರು. ನಾನು ಹೆಡ್‌ಫೋನಿನಲ್ಲಿ ಪ್ರತಿ ಅಕ್ಷರ ಕೇಳಿದೆ. ಕೆಲವು ಕಡೆ ಕಣ್ಣಲ್ಲಿ ನೀರು ಬಂತು.

ಮುಗಿಯಿತು. ಕ್ಯಾಮೆರಾದ ಹಿಂದಿನಿಂದ ಅವರು ನನ್ನ ಕಡೆ ತಿರುಗುವ ಮೊದಲೇ ನಾನು ಕೇಬಲ್ ಸುತ್ತಲು ಬಗ್ಗಿದ್ದೆ. ಕ್ಯಾಮೆರಾಕ್ಕೆ ಸಿಕ್ಕಿಸಬೇಕಾದ ಅದರ ತುದಿ ಹುಲ್ಲಿನ ಮೇಲೆ ಬಿದ್ದಿತ್ತು. ಬಿಸಿಲು ಬಂತೆಂದು ಶುರುವಿನಲ್ಲಿ ಟ್ರೈಪಾಡನ್ನು ನೆರಳಿಗೆ ಸರಿಸಿದ್ದೆವು, ಆಗಲೇ ಕಳಚಿರಬೇಕು. ನಾನು ಕೇಳುತ್ತಿದ್ದದ್ದು ನನ್ನ ಪೆಟ್ಟಿಗೆಯೊಳಗಿನ ಧ್ವನಿ ಮಾತ್ರ. ಟೇಪಿನಲ್ಲಿ ಏನು ಕೂರುತ್ತಿದೆ ಎಂದು ಕೇಳಲು ಬೇರೆ ಒಂದು ಸ್ವಿಚ್ ಇತ್ತು, ಅದನ್ನು ನಾನು ಒಮ್ಮೆಯೂ ಒತ್ತಿರಲಿಲ್ಲ.

"ಸಿಕ್ತಾ?" ಎಂದರು.

ಮುದುಕಿ ಇನ್ನೂ ಕುರ್ಚಿಯಲ್ಲೇ ಇದ್ದರು. ಯಾರೋ ನೀರು ಕುಡಿಸುತ್ತಿದ್ದರು. ಇಲ್ಲ ಎಂದು ಒಂದು ಮಾತು ಹೇಳಿದ್ದರೆ, ಐದು ನಿಮಿಷ ಸುಧಾರಿಸಿಕೊಂಡು ಸ್ವಲ್ಪವಾದರೂ ಮತ್ತೆ ಹೇಳುತ್ತಿದ್ದರೋ ಏನೋ. ನನಗೆ ಮ್ಯಾನೇಜರ ಮೇಜಿನ ಮೇಲಿನ ಕಾಗದ ಕಂಡಿತು. ಎಲ್ಲೋ ಕೊನೆಯಲ್ಲಿ ಕಳಚಿರಬಹುದು, ಹೆಚ್ಚು ಭಾಗ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ.

"ಸಿಕ್ತು," ಎಂದೆ.

ಟೇಪಿನಲ್ಲಿ ಏನೂ ಇರಲಿಲ್ಲ. ಮುಕ್ಕಾಲು ಗಂಟೆ ಮುದುಕಿಯ ತುಟಿ ಅಲುಗಾಡುತ್ತಿತ್ತು, ಅಷ್ಟೇ. ಮತ್ತೆ ಕೇಳೋಣವೆಂದರೆ ಅಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು. ಹೆಚ್ಚು ದಿನ ಬದುಕಲಿಲ್ಲ. ಅವರ ಹತ್ತಿರ ನಾನು ಕ್ಷಮೆ ಕೇಳಲಾಗಲಿಲ್ಲ, ಇನ್ನು ಕೇಳುವ ದಾರಿಯೂ ಇಲ್ಲ.

ಮ್ಯಾನೇಜರ್ ಇಬ್ಬರನ್ನೂ ಕೋಣೆಗೆ ಕರೆದರು. ನಿರ್ಮಾಪಕಿಯೂ ಇದ್ದಳು. "ಯಾರು ಪರೀಕ್ಷೆ ಮಾಡಬೇಕಿತ್ತು?" ಎಂದು ಮ್ಯಾನೇಜರ್ ಕೇಳಿದರು. ನಾನು ಬಾಯಿಬಿಟ್ಟೆ.

"ಕೊನೆಗೆ ಅವರು ನನ್ನ ಯಾವಾಗ್ಲೂ ಕೇಳ್ತಾರೆ ಸಾರ್, ಸಿಕ್ತಾ ಅಂತ. ಅವತ್ತು ಕೇಳಲಿಲ್ಲ. ಕೇಳಿದ್ರೆ ನಾನು ನೋಡ್ತಿದ್ದೆ."

ಅವರು ನನ್ನ ಕಡೆ ನೋಡಿದರು. ಅದು ಸಿಟ್ಟಿನ ನೋಟವಲ್ಲ. ಜೇಬಿನಲ್ಲಿಟ್ಟ ಕೀಲಿ ಸಿಗದಿದ್ದಾಗ ಮನುಷ್ಯನ ಮುಖ ಹೇಗಾಗುತ್ತದೋ ಹಾಗಿತ್ತು.

"ಕೇಳಲಿಲ್ವಾ?"

"ಇಲ್ಲ ಸಾರ್."

"ಮಂಡ್ಯ ಹಾಗೆ ಹೇಳಿದರೆ ಹಾಗೇ," ಎಂದು ಮ್ಯಾನೇಜರ ಕಡೆ ತಿರುಗಿದರು. "ಕೇಬಲ್ ಸಿಕ್ಕಿಸೋದು ಕ್ಯಾಮೆರಾದವನ ಕೆಲಸ. ಕೇಳೋದೂ ನನ್ನ ಕೆಲಸ. ತಪ್ಪು ನನ್ನದು."

ಹೊರದೇಶದವರು ಅವರನ್ನು ಕರೆಯುವುದು ನಿಂತಿತು. ಕಂಪನಿ ಅವರನ್ನು ಸ್ಟುಡಿಯೋದೊಳಗೆ ಹಾಕಿತು. ಅಲ್ಲಿ ಕ್ಯಾಮೆರಾ ನೆಲಕ್ಕೆ ನೆಟ್ಟ ಹಾಗೆ ಇರುತ್ತದೆ, ಎದುರಿಗೆ ಒಬ್ಬ ಕೂತು ಕಾಗದ ಓದುತ್ತಾನೆ. ನನ್ನ ಪರ್ಮಿಟ್ ಸಹಿಯಾಯಿತು. ಅರ್ಜಿಯ ಜೊತೆ ಒಂದು ಶಿಫಾರಸು ಪತ್ರವಿತ್ತು, 'ನಂಬಿಗಸ್ತ ಕೆಲಸಗಾರ' ಎಂದು. ಬರೆದವರು ಅವರೇ. ನಾನು ಕೇಳಿರಲಿಲ್ಲ.

ಏಳು ವರ್ಷ ಹೀಗೇ ನಡೆಯಿತು. ಅವರ ಮನೆಗೆ ಭಾನುವಾರ ಊಟಕ್ಕೆ ಹೋಗುವುದನ್ನು ನಾನು ಬಿಡಲಿಲ್ಲ. ಬಿಟ್ಟರೆ ಅನುಮಾನ ಬರುತ್ತದೆಂಬ ಭಯ. ಟೀಚರಮ್ಮ ನೀರು ದೋಸೆ, ಕೋಳಿ ಸಾರು ಬಡಿಸುತ್ತಿದ್ದರು. ನನ್ನ ಮಗಳ ಇಂಗ್ಲಿಷ್ ತಿದ್ದಿದ್ದು ಅವರೇ. ಧ್ವನಿಯ ಕೆಲಸದಲ್ಲಿ ನನಗೆ ಇವತ್ತು ಏನು ಗೊತ್ತಿದೆಯೋ ಅದರಲ್ಲಿ ಅರ್ಧ, ಆ ಮನೆಯ ವರಾಂಡದಲ್ಲಿ ಕೂತು ಅವರ ಗಂಡ ಹೇಳಿಕೊಟ್ಟದ್ದು. ಸ್ಟುಡಿಯೋದಲ್ಲಿ ಮಾತ್ರ ಅವರು ಕ್ಯಾಮೆರಾದ ಪಕ್ಕ ಬಿಳಿ ಪಟ್ಟಿ ಅಂಟಿಸಿ, ಪ್ರತಿ ಸಲ ಧ್ವನಿಯವನನ್ನು ಕೇಳಿದ ಮೇಲೆ ಪೆನ್ನಿನಿಂದ ಗುರುತು ಹಾಕುತ್ತಿದ್ದರು. ಅದು ನನ್ನನ್ನು ಚುಚ್ಚಲೆಂದೇ ಮಾಡುತ್ತಿರುವುದು, ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾರೆ ಎಂದು ಭಾವಿಸಿದ್ದೆ. ಹಾಗೆ ಭಾವಿಸುವುದರಲ್ಲಿ ಒಂದು ಅನುಕೂಲವಿತ್ತು. ಗೊತ್ತಿದ್ದವರಿಗೆ ಹೇಳುವ ಅಗತ್ಯವಿಲ್ಲವಲ್ಲ. ಕಾರು ಓಡಿಸುವುದನ್ನೂ ಬಿಟ್ಟರು, ಟೀಚರಮ್ಮನೇ ಓಡಿಸುತ್ತಿದ್ದರು. ಕಣ್ಣು ಸರಿಯಿಲ್ಲ ಎನ್ನುತ್ತಿದ್ದರು.

ತೊಂಬತ್ತರ ದಶಕದ ನಡುವೆ ಒಂದು ಭಾನುವಾರ ಮಧ್ಯಾಹ್ನ. ಊಟವಾಗಿ ನಾನು ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಒಲೆಯ ಮೇಲಿನ ಗೋಡೆಯಲ್ಲಿ ಚೀಟಿ ಅಂಟಿಸಿತ್ತು: 'ಗ್ಯಾಸ್.' ಹಿಂಬಾಗಿಲ ಮೇಲೆ ಇನ್ನೊಂದು: 'ಚಿಲಕ.' ಎರಡೂ ಅವರ ಅಕ್ಷರ.

"ಇದೆಂಥದು ಅಕ್ಕ?" ಎಂದೆ.

ಟೀಚರಮ್ಮ ವರಾಂಡದ ಕಡೆ ನೋಡಿ ದನಿ ತಗ್ಗಿಸಿದರು. "ನಾವು ಹೊರಡ್ತೇವೆ ಮಾರಾಯ್ರೆ. ಅವರ ಅಣ್ಣನ ಹತ್ತಿರ, ಐರ್ಲೆಂಡಿಗೆ. ನಾನು ಶಾಲೆಗೆ ಕಾಗದ ಕೊಟ್ಟಾಯ್ತು."

"ಯಾಕೆ?"

"ಅವರ ಅಮ್ಮನಿಗೆ ಮರೆವಿನ ಕಾಯಿಲೆ ಇತ್ತು. ಕೊನೆಗೆ ಮಗನ ಗುರುತೂ ಇರಲಿಲ್ಲ. ತನಗೂ ಅದೇ ಬರ್ತಾ ಉಂಟು ಅಂತಾರೆ ಇವರು. ಡಾಕ್ಟರು ಎರಡು ಸಲ ನೋಡಿ ಏನೂ ಇಲ್ಲ ಅಂದರು. ಇವರು ನಂಬುದೇ ಇಲ್ಲ."

"ಯಾವಾಗಿಂದ ಅಕ್ಕ?"

"ನಿಮಗೆ ಗೊತ್ತುಂಟಲ್ಲ. ಮುಥೈಗಾದಲ್ಲಿ ನಿಮ್ಮನ್ನು ಕೇಳ್ಳಿಕ್ಕೆ ಮರೆತದ್ದು. ಕೇಳಿದ ಹಾಗೇ ನೆನಪು ಬರ್ತದೆ, ಆದ್ರೆ ಮಂಡ್ಯ ಇಲ್ಲ ಅಂದ, ಹಾಗಾದ್ರೆ ನನ್ನ ತಲೆ ಇಲ್ಲದ್ದನ್ನು ಕಾಣ್ತಾ ಉಂಟು ಅಂತಾರೆ. ಅಲ್ಲಿಂದ ಶುರು. ಕಾರು ಬಿಟ್ಟದ್ದೂ ಅದಕ್ಕೇ. ಕಣ್ಣಿಗೆ ಎಂಥದೂ ಆಗ್ಲಿಲ್ಲ ಅವರಿಗೆ."

ನಾನು ತಟ್ಟೆಯನ್ನು ಎಲ್ಲಿಟ್ಟೆನೋ ನೆನಪಿಲ್ಲ. ಅವರಿಗೆ ಎಲ್ಲ ಗೊತ್ತಿದೆ ಎಂದು ಏಳು ವರ್ಷ ಭಾವಿಸಿದ್ದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಅವರು ನನ್ನನ್ನು ಕ್ಷಮಿಸಿರಲಿಲ್ಲ, ನಂಬಿದ್ದರು. ತಮ್ಮ ತಲೆಗಿಂತ ಹೆಚ್ಚಾಗಿ ನಂಬಿದ್ದರು.

ವರಾಂಡಕ್ಕೆ ಹೋಗಿ ಅವರ ಎದುರು ನಿಂತೆ. ಕೂರುವ ಧೈರ್ಯವಾಗಲಿಲ್ಲ.

"ಸಾರ್, ಮುಥೈಗಾದಲ್ಲಿ ನೀವು ಕೇಳಿದ್ರಿ. ನಾನು ಸುಳ್ಳು ಹೇಳಿದೆ."

ಪತ್ರಿಕೆ ಕೆಳಗಿಟ್ಟರು. "ಏನಂದೆ?"

"ನೀವು ಕೇಳಿದ್ರಿ."

"ನಿಲ್ಲು. ಸರಿಯಾಗಿ ಹೇಳು. ನಾನು ಎಲ್ಲಿ ನಿಂತಿದ್ದೆ?"

"ಮರದ ಎಡಗಡೆ. ಒಂದು ಕೈ ಟ್ರೈಪಾಡಿನ ಮೇಲೆ."

"ಆ ಮುದುಕಿ?"

"ನೀರು ಕುಡೀತಿದ್ರು."

"ನಾನು ಏನು ಕೇಳಿದೆ?"

"ಸಿಕ್ತಾ ಅಂತ. ನಾನು ಸಿಕ್ತು ಅಂದೆ. ಕೇಬಲ್ ಹುಲ್ಲಲ್ಲಿ ಬಿದ್ದಿದ್ದು ಆಗಲೇ ನೋಡಿದ್ದೆ ಸಾರ್. ನೋಡಿಯೇ ಅಂದೆ."

ಅವರು ಎದ್ದು ನಿಂತರು. ಹೊಡೆಯುತ್ತಾರೆಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವರ ಮುಖ ಮೂಗಿನ ತುದಿಯಷ್ಟೇ ಕೆಂಪಾಯಿತು.

"ನೀಲಿ ಲೋಟ," ಎಂದರು. "ನೀಲಿ ಲೋಟದಲ್ಲಿ ಕುಡೀತಿದ್ದಳು. ನನಗೆ ಹಾಗೇ ನೆನಪಿತ್ತು! ಎಲ್ಲ ಹಾಗೇ ನೆನಪಿತ್ತು!" ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. "ಕೇಳಿದ್ದೆ ಕಣೇ! ನಾನು ಕೇಳಿದ್ದೆ!"

ಟೀಚರಮ್ಮ ಒದ್ದೆ ಕೈಯಲ್ಲೇ ಬಂದರು. ವಿಷಯ ತಿಳಿದ ಮೇಲೆ ಅವರ ಕಣ್ಣು ನನ್ನ ಮೇಲೆ ನಿಂತಿತು.

"ಏಳು ವರ್ಷ ಇಲ್ಲಿ ಉಂಡಿರಲ್ಲ ನೀವು," ಎಂದರು. "ಅದೇ ಕುರ್ಚಿಯಲ್ಲಿ ಕೂತು. ಇವರು ಮೂರು ಮೂರು ಸಲ ಎದ್ದು ಹೋಗಿ ಚಿಲಕ ನೋಡಿ ಬರುದನ್ನು ಕಂಡಿದ್ದೀರಲ್ಲ. ನಿಮ್ಮ ಬಾಯಿಗೆ ಎಂತ ಆಗಿತ್ತು?"

ನಾನು ಮೆಟ್ಟಿಲಿಳಿದು ಚಪ್ಪಲಿಯ ಕಡೆ ಹೋದೆ.

ಆಮೇಲೆ ನಡೆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಸೋಮವಾರ ಮ್ಯಾನೇಜರ ಮುಂದೆ ನಿಂತು ಮುಥೈಗಾದ ಸುಳ್ಳನ್ನು ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು, "ಇಷ್ಟು ವರ್ಷದ ಮೇಲೆ ನನಗೆ ಯಾಕಪ್ಪ ಹೇಳ್ತೀಯ?" ಎಂದರು. ಕೆಲಸದಿಂದ ತೆಗೆಯಲಿಲ್ಲ, ಒಂದು ವರ್ಷ ಗೋದಾಮಿನಲ್ಲಿ ಕೇಬಲ್ ಸುತ್ತಲು ಹಾಕಿದರು. ಐರ್ಲೆಂಡಿಗೆ ಹೋಗುವ ಮಾತು ನಿಂತಿತು. ಶಾಲೆಗೆ ಕೊಟ್ಟ ಕಾಗದವನ್ನು ಟೀಚರಮ್ಮ ವಾಪಸು ತೆಗೆದುಕೊಂಡರು. ಅವರು ಮತ್ತೆ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹೊರಗೆ ಹೋದರು, ಬೇರೆ ಧ್ವನಿಯವನ ಜೊತೆ. ಹೊಸಬನನ್ನೂ ಒಂದೇ ಮಾತು ಕೇಳುತ್ತಿದ್ದರಂತೆ, ಟೇಪ್ ತಿರುಗಿಸಿ ನೋಡುತ್ತಿರಲಿಲ್ಲವಂತೆ. ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟರು, ಟೀಚರಮ್ಮ ಒಂದು ವರ್ಷ. ವಯಸ್ಸಾಗಿ ಅವರಿಬ್ಬರೂ ಐರ್ಲೆಂಡಿಗೆ ಹೋಗುವ ಹೊತ್ತಿಗೆ ಭಾನುವಾರದ ಊಟ ಮತ್ತೆ ಶುರುವಾಗಿತ್ತು. ನಾನು ಅದಕ್ಕೆ ಯೋಗ್ಯನಾಗಿದ್ದೆ ಎಂದು ಹೇಳುವುದಿಲ್ಲ. ಅವರು ಕರೆದರು, ನಾನು ಹೋದೆ.

ಆದರೆ ನನಗೆ ಹೇಳಬೇಕಾದದ್ದು ಆ ಭಾನುವಾರದ್ದೇ. ನಾನು ಚಪ್ಪಲಿ ಮೆಟ್ಟಿಕೊಂಡು ಮಟಾಟು, ಅಂದರೆ ಇಲ್ಲಿನ ಬಾಡಿಗೆ ವ್ಯಾನು, ಹಿಡಿಯಲು ಹೊರಟೆ. ಅವರು ಮೊಳೆಯ ಮೇಲಿನ ಕಾರಿನ ಕೀಲಿ ತೆಗೆದುಕೊಂಡು ಬಂದರು.

"ನಡಿ, ಬಿಟ್ಟು ಬರ್ತೀನಿ."

"ಬೇಡ ಸಾರ್, ನಾನು—"

"ನಿನಗೋಸ್ಕರ ಅಲ್ಲ ಮಾರಾಯಾ. ನನಗೆ ಕಾರು ಓಡಿಸಬೇಕು."

ಟೀಚರಮ್ಮ ಹಿಂದಿನ ಸೀಟಿನಲ್ಲಿ ಕೂತು ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡರು. ನನ್ನನ್ನು ಮುಂದೆ ಕೂರಿಸಿದರು. ಗೇಟಿನ ಹತ್ತಿರ ಕಾರು ಎರಡು ಸಲ ಕುಪ್ಪಳಿಸಿ ನಿಂತಿತು. ಆಮೇಲೆ ಹೊರಟಿತು. ಪಾರ್ಕ್‌ಲ್ಯಾಂಡ್ಸಿನ ರಸ್ತೆಯಲ್ಲಿ ಮಟಾಟುಗಳು ಎರಡೂ ಕಡೆಯಿಂದ ನುಗ್ಗುತ್ತಿದ್ದವು. ಇವರು ಕಿಟಕಿಯಿಂದ ತಲೆ ಹೊರಹಾಕಿ, ಪ್ರತಿ ಡ್ರೈವರಿಗೂ ಸ್ವಾಹಿಲಿಯಲ್ಲಿ ಒಂದೊಂದು ಬೈಗುಳ ಒಪ್ಪಿಸುತ್ತಿದ್ದರು. ಅವರೂ ನಗುತ್ತ ವಾಪಸು ಕೊಡುತ್ತಿದ್ದರು. ಯಾವ ತಿರುವಿನಲ್ಲೂ ಅವರು ದಾರಿ ಕೇಳಲಿಲ್ಲ. ನ್ಗಾರಾದಲ್ಲಿ ನನ್ನ ಬೀದಿಗೆ ನಾಲ್ಕು ತಿರುವು. ನಾಲ್ಕನ್ನೂ ತಾವೇ ಹೆಸರು ಹೇಳಿಕೊಂಡು ತಿರುಗಿಸಿದರು.

ನನ್ನ ಮನೆ ಮುಂದೆ ನಿಲ್ಲಿಸಿ, ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ಹೇಳಿದರು: "ನಿನ್ನ ಮೇಲೆ ನನಗೆ ತುಂಬ ಸಿಟ್ಟು ಬರತ್ತೆ. ಬಹುಶಃ ನಾಳೆ ಬರತ್ತೆ. ಇವತ್ತು ನನಗೆ ಪುರುಸೊತ್ತಿಲ್ಲ."

ನಾನು ಇಳಿದೆ. ಟೀಚರಮ್ಮನೂ ಹಿಂದಿನಿಂದ ಇಳಿದು ಬಂದು, ನಾನು ಬಿಟ್ಟ ಮುಂದಿನ ಸೀಟಿನಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗಂಡನಿಗೆ, "ಹೊರಡಿ," ಎಂದರು.

ಮನೆಗೆ ಹೋಗಬೇಕಾದರೆ ಅವರು ಬಂದ ದಾರಿಯಲ್ಲೇ ತಿರುಗಬೇಕಿತ್ತು. ಕಾರು ತಿರುಗಲಿಲ್ಲ. ನೇರವಾಗಿ, ಊರಿನ ಹೊರಗೆ ಹೋಗುವ ದೊಡ್ಡ ರಸ್ತೆಯ ಕಡೆಗೆ ಹೋಯಿತು.